ಸತ್ಯಾಂಶ: ಥರ್ಮಾಕೋಲ್ ಕರಗಿದರೆ ಮೀನೆಣ್ಣೆ ನಕಲಿಯೇ?

ಮೀನೆಣ್ಣೆ ಕ್ಯಾಪ್ಸೂಲ್ ಒಡೆದು ಥರ್ಮಾಕೋಲ್ ಲೋಟಕ್ಕೆ ಸುರಿಯುತ್ತಾರೆ, ಲೋಟ ತೂತಾಗುತ್ತದೆ. "ಹೊಟ್ಟೆಯನ್ನೂ ಹೀಗೇ ಕರಗಿಸುತ್ತದೆ" ಎಂಬ ಒಕ್ಕಣೆಯೊಂದಿಗೆ ವಿಡಿಯೊ ಹರಿದಾಡುತ್ತದೆ. ಈ ಮಾತು ತಪ್ಪು.

ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಾಮ್ಲಗಳ ಸಾಂದ್ರತೆ ಹೆಚ್ಚಿಸಲು ಹಲವು ತಯಾರಕರು ಎಣ್ಣೆಯನ್ನು ಈಥೈಲ್ ಎಸ್ಟರ್ (ಕೊಬ್ಬಿನಾಮ್ಲಕ್ಕೆ ಆಲ್ಕೊಹಾಲ್ ಬೆಸೆದ ಸಂಯುಕ್ತ) ರೂಪಕ್ಕೆ ಬದಲಿಸುತ್ತಾರೆ. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್. ಈ ಎಸ್ಟರ್ ಅದಕ್ಕೆ ದ್ರಾವಕ. ನಿಂಬೆ ಸಿಪ್ಪೆಯ ಎಣ್ಣೆಯೂ ಅದನ್ನು ಕರಗಿಸುತ್ತದೆ! ಹೊಟ್ಟೆಯ ಒಳಪದರ ಪಾಲಿಸ್ಟೈರೀನ್ ಅಲ್ಲವಲ್ಲ. ವೈದ್ಯರು ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಇಳಿಸಲು ಬರೆಯುವ ಕೆಲವು ಒಮೆಗಾ-3 ಔಷಧಿಗಳೂ ಇದೇ ರೂಪದವು. ಒಂದು ಕೊರತೆಯಂತೂ ಇದೆ: ಖಾಲಿ ಹೊಟ್ಟೆಯಲ್ಲಿ ಇದು ಸರಿಯಾಗಿ ಹೀರಿಕೆಯಾಗದು, ಜಿಡ್ಡಿನಂಶವಿರುವ ಊಟದ ಜೊತೆ ನುಂಗಬೇಕು.

ನಿಜಕ್ಕೂ ನೋಡಬೇಕಾದದ್ದು ಡಬ್ಬಿಯ ಹಿಂಬದಿ. ಮುಂದೆ ದಪ್ಪಕ್ಷರದಲ್ಲಿ ಕಾಣುವ 1000 ಮಿ.ಗ್ರಾಂ. ಬರೀ ಎಣ್ಣೆಯ ತೂಕ. ಸಾಧಾರಣ ಕ್ಯಾಪ್ಸೂಲಿನಲ್ಲಿ ಮುಖ್ಯ ಒಮೆಗಾ-3ಗಳಾದ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ. ಅಷ್ಟೇ. ಈ ಅಂಕಿಗಳು ಒಂದು ಕ್ಯಾಪ್ಸೂಲಿಗೋ ಎರಡಕ್ಕೋ ಎಂಬುದನ್ನೂ ಓದಿ. ಎಡವುವುದು ಹೆಚ್ಚಾಗಿ ಇಲ್ಲೇ.

ಎಣ್ಣೆ ಕೆಡುವುದು ಆಮ್ಲಜನಕ, ಬಿಸಿ, ಬೆಳಕಿನಿಂದ. ತಯಾರಕರ ಪರೀಕ್ಷಾ ವರದಿ ಸಿಕ್ಕರೆ ಪೆರಾಕ್ಸೈಡ್ ಮೌಲ್ಯ (ಎಣ್ಣೆ ಕೆಡಲು ಶುರುವಾಗಿರುವುದರ ಅಳತೆ) 5ರೊಳಗೆ, ಟೋಟಾಕ್ಸ್ (ಒಟ್ಟಾರೆ ಕೆಟ್ಟಿರುವುದರ ಅಳತೆ) 26ರೊಳಗೆ ಇದೆಯೇ ನೋಡಿ. ವರದಿ ಇಲ್ಲವೇ? ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ. ಹಳೆಯ ಪೇಂಟ್‌ನಂಥ ಕಮಟು ವಾಸನೆ ಬಂದರೆ ಎಸೆಯಿರಿ. ನಿಂಬೆ ಪರಿಮಳ ಬೆರೆಸಿದ್ದರಲ್ಲಿ ಮಾತ್ರ ಮೂಗನ್ನು ನಂಬಲಾಗದು.