"ಕಡಿಮೆ ಆಯ್ತಾ?" ಎಂದು ಕೇಳುವ ಮುಂಚೆ

ಗಂಡನಿಗೋ ಹೆಂಡತಿಗೋ ವರ್ಷಗಟ್ಟಲೆ ಬಿಡದ ಕಾಯಿಲೆ ಇದ್ದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಕಡಿಮೆ ಆಯ್ತಾ?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಮ್ಮ ಮನೆಯವರು ಕೇಳಿದವರನ್ನು ಸಮಾಧಾನ ಮಾಡುವ ಕೆಲಸಕ್ಕೆ ಇಳಿಯುತ್ತಾರೆ. "ಹೂಂ, ಈಗ ಪರವಾಗಿಲ್ಲ" ಎನ್ನುತ್ತಾರೆ. ನೋವು ತಿನ್ನುತ್ತಿರುವವರೇ ಆರಾಮಾಗಿರುವವರಿಗೆ ಧೈರ್ಯ ಹೇಳಬೇಕು. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಅವರಿಗೆ ಎರಡು ತೊಂದರೆ. ಕಾಲಿನಲ್ಲಿ ನರದ ನೋವು, ಮೈಮೇಲೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ. ಒಂದು ಯಾರ ಕಣ್ಣಿಗೂ ಕಾಣುವುದಿಲ್ಲ, ಇನ್ನೊಂದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದ್ದನ್ನು ಜನ ನಂಬುವುದಿಲ್ಲ. ಕಾಣುವುದನ್ನು ತಪ್ಪು ತಿಳಿಯುತ್ತಾರೆ. ಇವೆರಡರ ಜೊತೆ ಇಷ್ಟು ಕಾಲ ಬಾಳಿದ ಮೇಲೆ ನನಗನ್ನಿಸುವುದು ಇಷ್ಟು: ವಾಸಿ ಮಾಡುವ ಹೊಣೆಯನ್ನು ಜೊತೆಗಾರರು ತಲೆಮೇಲೆ ಹೊತ್ತುಕೊಳ್ಳಬಾರದು. ನಮ್ಮ ಕೈಲಿ ಆಗುವುದು ಸಾಕ್ಷಿಯಾಗಿ ನಿಲ್ಲುವುದು. ಅವರು ಹೇಳಿದ್ದನ್ನು ನಂಬುವುದು, ಕಂಡದ್ದನ್ನು ನೆನಪಿಟ್ಟುಕೊಳ್ಳುವುದು, ಡಾಕ್ಟರ ಮುಂದೆ ಅದನ್ನು ಬಿಡದೆ ಹೇಳುವುದು.

ಮೊದಲು ಕಾಣದ ನೋವಿನ ವಿಷಯ. ಪಾದ ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ಅವರಿಗೆ ಮಾತ್ರ ಒಳಗೆ ಧಗಧಗ ಉರಿ. ಮಧ್ಯೆ ಮಧ್ಯೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ರಾತ್ರಿ ಹೊದಿಕೆಯ ಅಂಚು ಬೆರಳಿಗೆ ತಾಗಿದರೂ ಎದ್ದು ಕೂರುತ್ತಾರೆ. ಸಕ್ಕರೆ ಕಾಯಿಲೆ ಇಲ್ಲ, ಬಿ12 ಸರಿಯಾಗಿದೆ, ನರಗಳ ವೇಗ ಅಳೆಯುವ ಪರೀಕ್ಷೆಯೂ ನಾರ್ಮಲ್ ಬಂತು. ಆಗ ಒಬ್ಬ ಡಾಕ್ಟರು "ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಅಂದರು. ಅವತ್ತು ಅವರ ಮುಖ ಬಾಡಿದ್ದು ನೋವಿನಿಂದಲ್ಲ, ಆ ಮಾತಿನಿಂದ.

ಇಂಥದ್ದೇ ಮಾತು ಕೇಳಿ ಬಂದವರು ಇದನ್ನು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಆ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳನ್ನು. ನೋವು, ಬಿಸಿ, ತಂಪು ಹೊತ್ತು ತರುವುದು ಬಹಳ ತೆಳುವಾದ ತಂತುಗಳು. ಅವು ಹಾಳಾಗಿದ್ದರೂ ರಿಪೋರ್ಟ್ ಸರಿಯಾಗಿಯೇ ಬರಬಹುದು. ಅವನ್ನು ನೋಡಬೇಕೆಂದರೆ ಚರ್ಮದ ಚಿಕ್ಕ ಚೂರು ತೆಗೆದು, ಅದರಲ್ಲಿ ಎಷ್ಟು ನರತುದಿಗಳು ಉಳಿದಿವೆ ಎಂದು ಎಣಿಸುವ ಬೇರೆ ಪರೀಕ್ಷೆ ಇದೆ. ನಾರ್ಮಲ್ ಎಂದರೆ ಆ ಪರೀಕ್ಷೆಗೆ ಸಿಗಲಿಲ್ಲ ಎಂದಷ್ಟೇ ಅರ್ಥ, ಅಲ್ವಾ?

ಉರಿ ಇರುವುದಕ್ಕೆ ಬಿಸಿ ಇರಲೇಬೇಕು ಅಂತಿಲ್ಲ. ಮೆಣಸಿನಕಾಯಿ ನಾಲಿಗೆಯನ್ನು ಸುಡುವುದಿಲ್ಲ, ಆದರೂ ಸುಟ್ಟ ಹಾಗೇ ಆಗುತ್ತದೆ. ಬಿಸಿಯನ್ನು ಗುರುತಿಸುವ ನರತುದಿಯನ್ನೇ ಆ ಖಾರ ತಟ್ಟಿ ಎಬ್ಬಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆಗೆ, 2021ರಲ್ಲಿ ನೊಬೆಲ್ ಬಂತು. ನೋವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿ ಬರೆದಾಗ, ಒಬ್ಬರು ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬುದನ್ನೂ ಸೇರಿಸಿತು. ಹೀಗಿರುವಾಗ ತಣ್ಣಗಿರುವ ಕಾಲು ಮುಟ್ಟಿ "ಎಲ್ಲಿ ಉರಿ?" ಎಂದು ಕೇಳಬೇಡಿ.

ಇನ್ನು ಕಾಣುವ ಕಾಯಿಲೆ. ಸೋರಿಯಾಸಿಸ್ ಅಂಟುವುದಿಲ್ಲ. ಒಟ್ಟಿಗೆ ಮಲಗಿದರೂ, ಒಂದೇ ಟವೆಲ್ ಬಳಸಿದರೂ ಅಂಟುವುದಿಲ್ಲ. ಕೊಳಕಿನಿಂದ ಬರುವುದಿಲ್ಲ, ರಕ್ತ ಕೆಟ್ಟು ಬರುವುದೂ ಅಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಸುಮ್ಮನಿರಲಾರದೆ ಚರ್ಮವನ್ನು ಕೆಣಕುತ್ತದೆ. ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಚರ್ಮದ ಬೆಳವಣಿಗೆ ಕೆಲವೇ ದಿನಗಳಲ್ಲಿ ನುಗ್ಗಿ ಬರುತ್ತದೆ. ಹಳೆಯ ಪದರ ಕಳಚುವ ಮುಂಚೆಯೇ ಹೊಸದು ಬಂದು ಬಿಳಿ ಹಕ್ಕಳೆ ಕಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2014ರಲ್ಲಿ ಇದನ್ನು ಗಂಭೀರ ಕಾಯಿಲೆ ಎಂದು ಒಪ್ಪಿ ನಿರ್ಣಯ ಮಾಡಿದವು. ಇಷ್ಟಾದರೂ ಪಕ್ಕದ ಕುರ್ಚಿಯಲ್ಲಿ ಕೂತವರು ಮೊಣಕೈ ನೋಡಿ ಸ್ವಲ್ಪ ಸರಿದು ಕೂರುತ್ತಾರೆ. ನಮ್ಮ ಮನೆಯವರು ಅದನ್ನು ಗಮನಿಸುತ್ತಾರೆ, ನಾನೂ ಗಮನಿಸುತ್ತೇನೆ. ಎಷ್ಟೇ ಸೆಕೆ ಇದ್ದರೂ ತುಂಬುತೋಳಿನ ಅಂಗಿಯೇ ಯಾಕೆ ಎಂದು ನಾನು ಕೇಳುವುದಿಲ್ಲ.

ಈ ಎರಡೂ ಒಂದೇ ಮೈಯಲ್ಲಿ ಸೇರಿದರೆ ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅವರ ಮೊಣಕಾಲ ಕೆಳಗೆ ದಪ್ಪ ಹಕ್ಕಳೆ ಇದೆ. ಅಲ್ಲಿಗೆ ದಿನಾ ಮುಲಾಮು ಬೇಕು. ನರದ ನೋವು ಇರುವುದೂ ಅದೇ ಕಾಲಿನಲ್ಲಿ. ಮುಲಾಮು ಹಚ್ಚುವುದು ಚಿಕ್ಕ ಕೆಲಸ ಅನ್ನಿಸಬಹುದು, ನಮ್ಮಲ್ಲಿ ಅದು ದಿನದ ದೊಡ್ಡ ಕೆಲಸ. ಬೆರಳಿನಿಂದ ಮೆಲ್ಲಗೆ ಸವರಿದರೆ ಅವರಿಗೆ ಜಾಸ್ತಿ ಹಿಂಸೆ. ಇಡೀ ಅಂಗೈಯನ್ನು ಗಟ್ಟಿಯಾಗಿ ಇಟ್ಟು, ಒಂದು ಕ್ಷಣ ನಿಲ್ಲಿಸಿ, ಆಮೇಲೆ ಕೂದಲು ಬೆಳೆಯುವ ದಿಕ್ಕಿನಲ್ಲಿ ಒಂದೇ ಸಲ ಕೆಳಕ್ಕೆ ಎಳೆದರೆ ತಡೆದುಕೊಳ್ಳುತ್ತಾರೆ. ಬೇರೆಯವರಿಗೆ ಇದರ ಉಲ್ಟಾ ಇರಬಹುದು, ಕೇಳಿಯೇ ತಿಳಿಯಬೇಕು. "ಇವತ್ತು ಎಡಗಾಲು ಬೇಡ ಕಣೇ" ಎಂದರೆ ಅವತ್ತು ಎಡಗಾಲು ಬೇಡ. ನಾನು ಒತ್ತಾಯ ಮಾಡುವುದಿಲ್ಲ. ಒಂದು ದಿನ ಮುಲಾಮು ತಪ್ಪಿದರೆ ಹಕ್ಕಳೆ ಸ್ವಲ್ಪ ದಪ್ಪ ಆಗಬಹುದು, ಅಷ್ಟೆ. ಬೇಡ ಎಂದ ಮೇಲೂ ಮುಟ್ಟಿದರೆ ನನ್ನ ಕೈ ಕಂಡರೇ ಅವರು ಹೆದರುವ ಹಾಗಾಗುತ್ತದೆ.

ಅಳತೆಗೆ ಒಂದು ಸುಲಭದ ಲೆಕ್ಕ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಸ್ಟೀರಾಯ್ಡ್ ಮುಲಾಮನ್ನು ಹೆದರಿ ಚುಕ್ಕೆ ಚುಕ್ಕೆ ಇಡುವವರೂ ಇದ್ದಾರೆ, ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ಬಳಿದುಕೊಳ್ಳುವವರೂ ಇದ್ದಾರೆ. ಎರಡೂ ಸರಿಯಲ್ಲ. ಕಾಲಿಗೆ ಕೊಟ್ಟ ಜೋರಿನ ಮುಲಾಮು ಮುಖಕ್ಕೆ, ತೊಡೆಸಂದಿಗೆ ಹೋಗಬಾರದು, ಅಲ್ಲಿ ಚರ್ಮ ಬೇಗ ತೆಳ್ಳಗಾಗುತ್ತದೆ. ಹಕ್ಕಳೆಯನ್ನು ಉಗುರಿನಿಂದ ಕೀಳಲೂಬಾರದು. ಕೆರೆದ ಜಾಗದಲ್ಲಿ, ಗಾಯದ ಗೆರೆಯಲ್ಲಿ ಹೊಸ ಸೋರಿಯಾಸಿಸ್ ಎದ್ದು ಬರುವುದನ್ನು ಹೈನ್ರಿಶ್ ಕೋಬ್ನರ್ ಎಂಬ ಚರ್ಮವೈದ್ಯ 19ನೇ ಶತಮಾನದಲ್ಲೇ ಗುರುತಿಸಿದ್ದ. ಇನ್ನೊಂದು ಮಾತು, ತುಂಬಾ ಜನಕ್ಕೆ ಗೊತ್ತಿಲ್ಲ. ಜಿಡ್ಡಿನ ಮುಲಾಮು ಹೀರಿಕೊಂಡ ಬಟ್ಟೆ, ಹಾಸಿಗೆ ಹೊದಿಕೆ ಬೆಂಕಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ. ಆ ಬಟ್ಟೆಯಲ್ಲಿ ಒಲೆಯ ಹತ್ತಿರ ಹೋಗಬೇಡಿ. ಮತ್ತೆ, ನರ ಹಾಳಾದ ಕಾಲಿಗೆ ನೀರಿನ ಬಿಸಿ ಸರಿಯಾಗಿ ತಿಳಿಯದೇ ಇರಬಹುದು. ಸ್ನಾನದ ನೀರನ್ನು ಕಾಲಿನಿಂದ ನೋಡಬಾರದು, ಕೈಯಿಂದ ನೋಡಬೇಕು.

ಔಷಧಿಯ ಕಡೆ ಬರುತ್ತೇನೆ. ಸಾಕ್ಷಿಯ ಕೆಲಸ ಜಾಸ್ತಿ ಇರುವುದು ಇಲ್ಲೇ. ಚರ್ಮದ ಡಾಕ್ಟರು ಚರ್ಮ ನೋಡುತ್ತಾರೆ, ನರದ ಡಾಕ್ಟರು ನರ ನೋಡುತ್ತಾರೆ. ಎರಡೂ ಕೋಣೆಗೆ ಹೋಗಿ ಬರುವವರು ನಾವಿಬ್ಬರೇ. ಅವರಿಗೆ ಸೋರಿಯಾಸಿಸ್‌ಗೆ ಮೆಥೋಟ್ರೆಕ್ಸೇಟ್ ಇದೆ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಗೊತ್ತಾಗದೆ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ನಮ್ಮಲ್ಲಿ ಆ ಮಾತ್ರೆ ಬೇರೆ ಮಾತ್ರೆಗಳ ಜೊತೆ ಇರುವುದಿಲ್ಲ, ಡಬ್ಬಿಯ ಮೇಲೆ ವಾರದ ಹೆಸರು ದಪ್ಪ ಅಕ್ಷರದಲ್ಲಿ ಬರೆದಿದೆ. ಮದ್ಯ ಅದರ ಜೊತೆ ಸಲ್ಲದು. ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ನರದ ನೋವಿಗೆ ಕೊಡುವುದು ಪ್ರೀಗ್ಯಾಬಲಿನ್. ಸಾಮಾನ್ಯ ನೋವಿನ ಮಾತ್ರೆ ಈ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಅದಕ್ಕೇ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್, ಡ್ಯುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇಂಥವನ್ನು ಕೊಡುತ್ತಾರೆ. ಚಿಕ್ಕ ಪ್ರಮಾಣದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ, ನಿಲ್ಲಿಸುವಾಗಲೂ ನಿಧಾನಕ್ಕೇ ಇಳಿಸಬೇಕು. ಮಂಪರು, ತಲೆ ತಿರುಗು, ತೂಕ ಏರುವುದು, ಪಾದ ಊದುವುದು ಇವೆಲ್ಲ ಬರಬಹುದು. ಅವರಿಗೆ ಮಂಪರು ಬಂತು. ಮಾತಿನ ಮಧ್ಯೆ ಪದ ಸಿಗದೆ ನಿಲ್ಲುತ್ತಿದ್ದರು. ಅವರು ಇದನ್ನು ಡಾಕ್ಟರಿಗೆ ಹೇಳಲಿಲ್ಲ, ನಾನು ಹೇಳಿದೆ. ಪ್ರಮಾಣ ಬದಲಾಯಿತು.

ಮೆಥೋಟ್ರೆಕ್ಸೇಟ್, ಪ್ರೀಗ್ಯಾಬಲಿನ್ ಎರಡೂ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಕಿಡ್ನಿಯ ಕೆಲಸ ಕಡಿಮೆಯಾದರೆ ಎರಡೂ ಮೈಯಲ್ಲಿ ಉಳಿಯುತ್ತವೆ. ಹಾಗಾಗಿ ಚರ್ಮದ ಡಾಕ್ಟರು ಬರೆಸಿದ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಿಪೋರ್ಟನ್ನು ನರದ ಡಾಕ್ಟರಿಗೂ ತೋರಿಸುತ್ತೇನೆ. ಯಾರಾದರೂ ಸುಮ್ನೆ ಒಂದು ಐಬುಪ್ರೊಫೇನ್ ಕೊಟ್ಟರೂ, ಸೋಂಕಿಗೆ ಟ್ರೈಮೆಥೋಪ್ರಿಮ್ ಇರುವ ಮಾತ್ರೆ ಬರೆದುಕೊಟ್ಟರೂ ಮೆಥೋಟ್ರೆಕ್ಸೇಟ್ ವಿಷಯ ಮೊದಲೇ ಹೇಳಬೇಕು. ಬಿಪಿಗೋ ಕೈ ನಡುಕಕ್ಕೋ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ ಸೋರಿಯಾಸಿಸ್ ಕೆರಳಿಸಬಹುದು. ಇಷ್ಟನ್ನೆಲ್ಲ ನೋವಿನಲ್ಲಿರುವ ಮನುಷ್ಯ ಒಬ್ಬನೇ ನೆನಪಿಟ್ಟುಕೊಳ್ಳಲಿ ಎಂದು ಬಿಡುವುದು ಕ್ರೂರ.

ಜಾಹೀರಾತಿನ ಬಗ್ಗೆ ಒಂದೇ ಮಾತು. "ಬೇರು ಸಮೇತ ವಾಸಿ" ಎನ್ನುವ, ಏನು ಹಾಕಿದ್ದಾರೆ ಎಂದು ಬರೆಯದ ಪುಡಿಗಳಲ್ಲಿ ಸ್ಟೀರಾಯ್ಡ್ ಇರಬಹುದು. ಹೊಟ್ಟೆಗೆ ಸೇರಿದ ಸ್ಟೀರಾಯ್ಡ್ ತಟ್ಟನೆ ನಿಂತಾಗ ಸೋರಿಯಾಸಿಸ್ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆಯಾಗಿ ತಿರುಗಿ ಬೀಳಬಹುದು. ಅಂಥ ಲಿಂಕ್ ದಯವಿಟ್ಟು ನನಗೆ ಕಳಿಸಬೇಡಿ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ನಾವಿಬ್ಬರೂ ಕೂತು ಮಾತಾಡುತ್ತೇವೆ. "ರೀ, ನಿದ್ದೆ ವಿಷಯ ಹೇಳಲಾ?" ಎಂದು ಕೇಳುತ್ತೇನೆ. ಹೇಳು ಎಂದರೆ ಹೇಳುತ್ತೇನೆ. ಬೇಡ ಎಂದರೆ ಬಾಯಿ ಬಿಡುವುದಿಲ್ಲ, ಅದು ಅವರ ಮೈ, ಅವರ ಮಾತು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎನ್ನುತ್ತಾರಲ್ಲ, ಅದು ನಮಗೆ ಸರಿಬರಲಿಲ್ಲ. ಅವರು ಯಾವಾಗಲೂ ಆರು ಎನ್ನುತ್ತಾರೆ. ಅದಕ್ಕೆ ನಾನು ಬೇರೆ ತರಹ ಬರೆದಿಡುತ್ತೇನೆ. ಇವತ್ತು ನಿಂತುಕೊಂಡು ಸ್ನಾನ ಮಾಡಿದರು. ಇವತ್ತು ಕಾಲುಚೀಲ ಹಾಕಲಾಗಲಿಲ್ಲ. ರಾತ್ರಿ ಎರಡು ಸಲ ಎದ್ದರು. ಇದನ್ನು ಓದಿದ ಡಾಕ್ಟರು ಕೇಳುವ ಪ್ರಶ್ನೆಯೇ ಬೇರೆ. ನರದ ನೋವಿನಲ್ಲಿ ಅರ್ಧದಷ್ಟು ಇಳಿದರೂ ಒಳ್ಳೆಯ ಫಲ ಎಂದು ಲೆಕ್ಕ. ಆ ಇಳಿಕೆ ಅಂಕದಲ್ಲಿ ಕಾಣುವ ಮುಂಚೆ ಕಾಲುಚೀಲದಲ್ಲಿ ಕಾಣುತ್ತದೆ.

ಹೀಗೆ ಬರೆದಿಟ್ಟಿದ್ದರಿಂದಲೇ ಇನ್ನೊಂದು ವಿಷಯ ಹೊರಬಂತು. ಬೆಳಿಗ್ಗೆ ಎದ್ದಾಗ ಹಿಮ್ಮಡಿ ನೋವು, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬೆರಳು ಬಿಗಿತ. ಇದು ಉರಿಯಲ್ಲ, ಕರೆಂಟ್ ಹೊಡೆತವೂ ಅಲ್ಲ. ಸೋರಿಯಾಸಿಸ್ ಇರುವ ಮೂವರಲ್ಲಿ ಒಬ್ಬರವರೆಗೂ ಕೀಲುವಾತ ಬರಬಹುದು. ಉಗುರಿನಲ್ಲಿ ಚಿಕ್ಕ ಚಿಕ್ಕ ಗುಳಿ ಬೀಳುವುದು, ಒಂದು ಬೆರಳು ಇಡಿಯಾಗಿ ಊದುವುದು ಅದರ ಗುರುತು. ತಡ ಮಾಡಿದರೆ ಕೀಲು ಹಾಳಾಗುತ್ತದೆ. ಎಲ್ಲ ನೋವನ್ನೂ ನರದ ಲೆಕ್ಕಕ್ಕೆ ಹಾಕಿಬಿಟ್ಟರೆ ಇದು ತಪ್ಪಿಹೋಗುತ್ತದೆ. ಈಗ ಅದರ ಪರೀಕ್ಷೆ ನಡೆಯುತ್ತಿದೆ.

ನಮ್ಮಿಬ್ಬರ ವಿಷಯವನ್ನೂ ಹೇಳಬೇಕು. ರಾತ್ರಿ ನಿದ್ದೆ ಇಲ್ಲದವರಿಗೆ ಬೆಳಿಗ್ಗೆ ಸಿಟ್ಟು ಬರುತ್ತದೆ, ಹತ್ತಿರ ಇರುವವಳು ನಾನು. ನೋವಿನಿಂದ ಬಂದ ಮಾತು ಎಂದು ಗೊತ್ತಿದ್ದರೂ ಚುಚ್ಚುತ್ತದೆ. ಹಾಗಂತ ಎಲ್ಲವನ್ನೂ ನುಂಗಿಕೊಂಡಿರಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಮುಲಾಮು ಹಚ್ಚುವ ಹೊತ್ತಿನಲ್ಲಲ್ಲ, ಬೇರೆ ಹೊತ್ತಿನಲ್ಲಿ "ಆ ಮಾತು ನನಗೆ ಬೇಜಾರಾಯ್ತು" ಎಂದು ಹೇಳುತ್ತೇನೆ. ಅವರು ಕೇಳಿಸಿಕೊಳ್ಳುತ್ತಾರೆ. ಕೆಲವು ರಾತ್ರಿ ಬೇರೆ ಕೋಣೆಯಲ್ಲಿ ಮಲಗುತ್ತೇನೆ. ಅದರಿಂದ ಪ್ರೀತಿ ಕಡಿಮೆಯಾಗಿಲ್ಲ, ನನಗೆ ನಿದ್ದೆ ಸಿಕ್ಕಿದೆ. ಅಪ್ಪಿಕೊಳ್ಳುವುದಕ್ಕೂ ಮುಂಚೆ ಕೇಳುತ್ತೇನೆ. ಕಾಲಿಗೆ ಆಗದಿದ್ದರೆ ಭುಜಕ್ಕೆ ಆಗುತ್ತದೆ. ಚರ್ಮ ನೋಡಿ ನನಗೆ ಅಸಹ್ಯ ಆಗುತ್ತದೆಯೇನೋ ಎಂಬ ಭಯ ಅವರಿಗಿತ್ತು. ಅದು ಬಾಯಿಮಾತಿನಿಂದ ಹೋಗಲಿಲ್ಲ. ದಿನಾ ಹಚ್ಚುವ ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಹೋಯಿತು.

ಮನೆಗೆ ಬರುವವರು ಕಾಯಿಲೆಯ ಬದಲು ಬೇರೆ ಏನಾದರೂ ಮಾತಾಡಿ. ಅವರಿಗೆ ಕ್ರಿಕೆಟ್ ಇಷ್ಟ, ಹಳೆಯ ರೇಡಿಯೋ ಬಿಚ್ಚಿ ಸರಿ ಮಾಡುವುದು ಇಷ್ಟ. ಕಾಯಿಲೆ ಬಗ್ಗೆ ಕೇಳಲೇಬೇಕು ಅನ್ನಿಸಿದರೆ "ಇವತ್ತು ಹೇಗಿದೆ?" ಎನ್ನಿ, ಮತ್ತೆ ಉತ್ತರ ಮುಗಿಯುವವರೆಗೂ ಕೂತಿರಿ.

ಮುಂದಿನ ಭೇಟಿಯಲ್ಲಿ ಬಯಾಲಜಿಕ್ ಇಂಜೆಕ್ಷನ್, ಅಂದರೆ ರಕ್ಷಣಾ ವ್ಯವಸ್ಥೆಯ ಒಂದು ಭಾಗವನ್ನಷ್ಟೇ ತಡೆಯುವ ಔಷಧಿಯ ಬಗ್ಗೆ ಮಾತಾಡಬೇಕಿದೆ. ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಆಗಬೇಕು ಎಂದಿದ್ದಾರೆ. ಅವುಗಳಲ್ಲಿ ಟಿಎನ್ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಬಗೆಯವು ಅಪರೂಪಕ್ಕೆ ನರದ ಹೊದಿಕೆಗೆ ಪೆಟ್ಟು ಕೊಡುವುದುಂಟು. ಆದ್ದರಿಂದ ನರದ ಡಾಕ್ಟರ ಅಭಿಪ್ರಾಯ ಮೊದಲು ಕೇಳುತ್ತೇವೆ. ಸೋರಿಯಾಸಿಸ್ ಜೊತೆಗೆ ನರದ ತೊಂದರೆಯೂ ಇದ್ದು ಈ ಇಂಜೆಕ್ಷನ್ ತೆಗೆದುಕೊಂಡವರು ಇಲ್ಲಿ ಯಾರಾದರೂ ಇದ್ದರೆ, ಡಾಕ್ಟರನ್ನು ನೀವು ಏನೇನು ಕೇಳಿದಿರಿ ಎಂದು ಬರೆಯಿರಿ. ನಮ್ಮ ಪ್ರಶ್ನೆಗಳ ಜೊತೆ ಅವನ್ನೂ ಬರೆದುಕೊಂಡು ಹೋಗುತ್ತೇನೆ.