ಸೋಡಿ ಬಿಟ್ಟವನಿಗೆ ದಂಡ

ಲಕ್ಸೆಂಬರ್ಗಿನಲ್ಲಿರುವ ಯುರೋಪಿಯನ್ ನ್ಯಾಯಾಲಯ ಈಗ ಗೂಗಲ್, ಆಪಲ್‌ಗಳಂಥ ಘಟಾನುಘಟಿಗಳನ್ನು ಕಟಕಟೆಗೆ ಕರೆಸುತ್ತದೆ. ಆ ನ್ಯಾಯಾಲಯ ತನ್ನ ಆಯುಷ್ಯದಲ್ಲಿ ಕೊಟ್ಟ ಮೊಟ್ಟಮೊದಲ ತೀರ್ಪು ಯಾವುದರ ಬಗ್ಗೆ ಗೊತ್ತೆ? ಉಕ್ಕಿನ ಕಾರ್ಖಾನೆ ತನ್ನ ಗಿರಾಕಿಗೆ ಎರಡೂವರೆ ಪರ್ಸೆಂಟ್ ಸೋಡಿ ಬಿಡಬಹುದೇ ಎನ್ನುವುದರ ಬಗ್ಗೆ. ತಾರೀಖು 1954ರ ಡಿಸೆಂಬರ್ 21. ಉತ್ತರ: ಕೂಡದು.

ಎಲ್ಲ ಶುರುವಾದದ್ದು 1951ರ ಏಪ್ರಿಲ್ 18ರಂದು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲ್ಯಾಂಡ್ಸ್, ಲಕ್ಸೆಂಬರ್ಗ್ ಆ ದಿನ ಪ್ಯಾರಿಸ್‌ನಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 60ನೇ ವಿಧಿ ಹೇಳಿದ್ದು ಇಷ್ಟೆ: ಒಂದೇ ಬಗೆಯ ವ್ಯವಹಾರಕ್ಕೆ ಒಂದೇ ಬಗೆಯ ಷರತ್ತು, ಕೊಳ್ಳುವವನು ಯಾವ ದೇಶದವನು ಎಂದು ನೋಡಿ ಬೆಲೆ ಹೇಳುವಂತಿಲ್ಲ. ಇದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಕಾವಲು ಕಾಯುವುದು ಹೇಗೆ? ಅದಕ್ಕೊಂದು ಉಪಾಯ ಹೂಡಿದರು. ಪ್ರತಿ ಕಾರ್ಖಾನೆಯೂ ದರಪಟ್ಟಿ ಪ್ರಕಟಿಸಬೇಕು. ಲೆಕ್ಕಕ್ಕೆಂದು ಒಂದು ಊರನ್ನು ಆರಿಸಿಕೊಂಡು ಅಲ್ಲಿನ ಮೂಲ ದರ ಬರೆಯಬೇಕು. ಗಾತ್ರಕ್ಕೆ, ದರ್ಜೆಗೆ, ಪ್ರಮಾಣಕ್ಕೆ ತಕ್ಕ ಹೆಚ್ಚುವರಿಗಳನ್ನು ಸೇರಿಸಬೇಕು. ಆ ಊರಿನಿಂದ ಗಿರಾಕಿಯ ಬಾಗಿಲಿಗೆ ಸಾಗಣೆ ಬಾಡಿಗೆ ಕೂಡಿಸಬೇಕು. ಬಂದ ಮೊತ್ತವನ್ನು ವಸೂಲಿ ಮಾಡಬೇಕು. ಒಂದು ಫ್ರಾಂಕ್ ಹೆಚ್ಚಿಲ್ಲ, ಒಂದು ಫ್ರಾಂಕ್ ಕಮ್ಮಿ ಇಲ್ಲ.

ಲೆಕ್ಕದ ಊರು ಕಾರ್ಖಾನೆ ಇರುವ ಊರೇ ಆಗಬೇಕೆಂದೇನೂ ಇಲ್ಲ. ಹಾಗಾಗಿ ಕಾರ್ಖಾನೆಯ ಗೇಟಿನೆದುರೇ ಅಂಗಡಿ ಇಟ್ಟವನು ರಸ್ತೆ ದಾಟಿ ಬಂದ ಮಾಲಿಗೂ ಎಲ್ಲೋ ದೂರದ ಊರಿನಿಂದ ಬಾಡಿಗೆ ಕಟ್ಟಬಹುದಿತ್ತು. ಊರಿನ ಆಯ್ಕೆ ತೀರಾ ಅಸಹಜ ಅನ್ನಿಸಿ, ನಿಯಮ ತಪ್ಪಿಸುವ ದಾರಿಯಾದರೆ ಮಾತ್ರ ಮೇಲಿನವರು ಕೇಳುತ್ತಾರೆ. ಸಹಜವಾಗಿ ಅಸಹಜವಾಗಿದ್ದರೆ ತೊಂದರೆ ಇಲ್ಲ.

ದಂಡದ ಲೆಕ್ಕ 64ನೇ ವಿಧಿಯಲ್ಲಿತ್ತು: ನಿಯಮ ಮುರಿದು ಮಾಡಿದ ಮಾರಾಟದ ಮೌಲ್ಯದ ಎರಡು ಪಟ್ಟಿನವರೆಗೆ, ಮತ್ತೆ ತಪ್ಪಿದರೆ ಆ ಮಿತಿಯೂ ದುಪ್ಪಟ್ಟು. 100 ಫ್ರಾಂಕಿನ ಮಾಲನ್ನು 95ಕ್ಕೆ ಕೊಟ್ಟವನು 190 ಫ್ರಾಂಕ್ ದಂಡ ತೆರಬೇಕಾಗಬಹುದು. ಪುಕ್ಕಟೆ ಕೊಟ್ಟಿದ್ದರೆ? ಮಾರಾಟದ ಮೌಲ್ಯ ಸೊನ್ನೆ, ಸೊನ್ನೆಯ ಎರಡು ಪಟ್ಟೂ ಸೊನ್ನೆ. ಗಣಿತದ ಪ್ರಕಾರ, ಉಕ್ಕನ್ನು ದಾನ ಮಾಡುವುದೇ ಯುರೋಪಿನಲ್ಲಿ ಅತ್ಯಂತ ಸುರಕ್ಷಿತ ವ್ಯಾಪಾರವಾಗಿತ್ತು.

1953ರ ಮೇ 1ಕ್ಕೆ ಉಕ್ಕಿನ ಸಾಮಾನ್ಯ ಮಾರುಕಟ್ಟೆ ತೆರೆಯಿತು. ಅಷ್ಟರಲ್ಲಿ ಬೇಡಿಕೆ ಇಳಿಮುಖವಾಗಿತ್ತು. ಪಟ್ಟಿ ಗೋಡೆಯ ಮೇಲೆ, ವ್ಯವಹಾರ ಮೇಜಿನ ಕೆಳಗೆ ಎನ್ನುವ ಸ್ಥಿತಿ. ಒಪ್ಪಂದವನ್ನು ಜಾರಿ ಮಾಡುವ ಮಂಡಳಿಯಾದ ಹೈ ಅಥಾರಿಟಿಯ ಅಧ್ಯಕ್ಷ ಜಾನ್ ಮೊನೆ ಕೊನ್ಯಾಕ್ ಬ್ರಾಂದಿ ವ್ಯಾಪಾರಿಗಳ ಮನೆತನದವರು. ಸೋಡಿ ಇಲ್ಲದ ವ್ಯಾಪಾರ ಭೂಮಿಯ ಮೇಲಿಲ್ಲ ಎನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1954ರ ಜನವರಿಯಲ್ಲಿ ಹೊಸ ಆಜ್ಞೆ ಹೊರಟಿತು: 60 ದಿನಗಳ ಸರಾಸರಿಯಲ್ಲಿ ಪಟ್ಟಿಯ ದರಕ್ಕಿಂತ ಎರಡೂವರೆ ಪರ್ಸೆಂಟಿನವರೆಗೆ ಮೇಲೆ ಕೆಳಗೆ ಹೋದರೆ ಹೊಸ ಪಟ್ಟಿ ಹೊರಡಿಸಬೇಕಿಲ್ಲ. ಸರಾಸರಿ ಎಂಬುದನ್ನು ಗಮನಿಸಿ. ಇಂದು ನೂರು ಟನ್ನಿಗೆ ನಾಲ್ಕು ಪರ್ಸೆಂಟ್ ಬಿಟ್ಟು, ನಾಳೆ ನೂರು ಟನ್ನಿಗೆ ಒಂದು ಬಿಟ್ಟರೆ ಸರಾಸರಿ ಎರಡೂವರೆ. ಆತ್ಮ ಶುದ್ಧ, ಕಡತ ಶುದ್ಧ. ಹಿಡಿಯಲಾಗದ ಕಳ್ಳತನಕ್ಕೆ ಒಂದು ಮಿತಿ ಹಾಕಿ ಅದನ್ನೇ ಸದಾಚಾರ ಎಂದು ಕರೆಯುವ ಈ ಜಾಣತನವನ್ನು ಫ್ರಾನ್ಸ್ ಮತ್ತು ಇಟಲಿ ಸರ್ಕಾರಗಳು ಒಪ್ಪಲಿಲ್ಲ; ಕೋರ್ಟಿಗೆ ಹೋದವು, ಗೆದ್ದವು. ಪಟ್ಟಿ ಎಂದರೆ ಮುಂಚಿತವಾಗಿ ತಿಳಿಸಿದ ನಿಖರ ಬೆಲೆ, ಸುಮಾರು ಬೆಲೆಯಲ್ಲ ಎಂದು ತೀರ್ಪಾಯಿತು.

ಹಾಗಾದರೆ ಪೈಪೋಟಿ? ಅದಕ್ಕೂ ಅವಕಾಶ ಇತ್ತು, ಅದರ ಸೊಗಸೇ ಬೇರೆ. ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗಷ್ಟೆ. ಮ್ಯೂನಿಕ್‌ನಲ್ಲಿ ಒಬ್ಬ ಗಿರಾಕಿ. ಫ್ರಾನ್ಸಿನ ಲೊರೇನ್ ಸೀಮೆಯ ಕಾರ್ಖಾನೆಯ ಲೆಕ್ಕದ ಊರು ಥಿಯೋನ್‌ವಿಲ್: ಪಟ್ಟಿಯ ದರ 100, ಬಾಡಿಗೆ 20, ಒಟ್ಟು 120. ಜರ್ಮನಿಯ ರೂರ್ ಸೀಮೆಯ ಕಾರ್ಖಾನೆಯ ಲೆಕ್ಕದ ಊರು ಓಬರ್‌ಹೌಸನ್: 98, ಬಾಡಿಗೆ 18, ಒಟ್ಟು 116. ಲೊರೇನಿನವನು ಈಗ ತನ್ನ ಬೆಲೆಯನ್ನು 116ಕ್ಕೆ ಇಳಿಸಿ ಎದುರಾಳಿಯ ಬೆಲೆಗೆ ಹೊಂದಿಸಿಕೊಳ್ಳಬಹುದು. ಬಾಡಿಗೆ ಕಳೆದು ಕೈಗೆ ಸಿಗುವುದು 96. ಆದರೆ 115 ಎಂದನೋ, ಅಪರಾಧ. ಸಮ ಮಾಡಬಹುದು, ಗೆಲ್ಲುವಂತಿಲ್ಲ. ಗೆಲ್ಲಲೇಬೇಕೆಂದರೆ ಪಟ್ಟಿಯ ದರವನ್ನೇ 95ಕ್ಕೆ ಇಳಿಸಿ, ಪಕ್ಕದ ಮೆಟ್ಜ್ ಪಟ್ಟಣದಲ್ಲಿ ನೂರು ಕೊಟ್ಟು ಸುಖವಾಗಿರುವ ಗಿರಾಕಿಗೂ ಐದು ಫ್ರಾಂಕ್ ಕೈಯಾರೆ ಬಿಡಬೇಕು. ಒಬ್ಬ ಮ್ಯೂನಿಕ್‌ನವನಿಗಾಗಿ ಇಡೀ ಲೊರೇನಿಗೆ ಸೋಡಿ! ಹಾಗೆ ಮಾಡುವ ಲೆಕ್ಕಿಗನನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ?

ಇನ್ನೊಂದು ಸೂಕ್ಷ್ಮ ನೋಡಿ. ಅದೇ ಕಾರ್ಖಾನೆ, ಅದೇ ಉಕ್ಕು. ಮೆಟ್ಜ್‌ನವನಿಂದ 100, ಮ್ಯೂನಿಕ್‌ನವನಿಂದ 96. ಇದು ಭೇದಭಾವ ಅಲ್ಲವೇ? ಅಲ್ಲ, ಇದು ಹೊಂದಾಣಿಕೆ. ಅಳಿಯ ಅಲ್ಲ, ಮಗಳ ಗಂಡ.

ಚಾಪೆ ಕೆಳಗೆ ತೂರುವ ಕಾನೂನು ಬಂದರೆ ರಂಗೋಲಿ ಕೆಳಗೆ ತೂರುವ ವ್ಯಾಪಾರಿ ಹುಟ್ಟಲೇಬೇಕು. ಪಟ್ಟಿಯನ್ನು ಮುಟ್ಟದೆ ಬೆಲೆ ಇಳಿಸುವ ದಾರಿಗಳು ಈ ಧಂದೆಯಲ್ಲಿ ಧಾರಾಳ. ಎಲ್ಲಕ್ಕಿಂತ ಸುಲಭದ್ದು, ಒಳ್ಳೆಯ ಮಾಲನ್ನೇ ಸೆಕೆಂಡ್ಸ್ ಎಂದು ಬಿಲ್ ಮಾಡುವುದು. ಮೇಲ್ಮೈಯಲ್ಲಿ ಗೀರು, ತುದಿಯಲ್ಲಿ ಬಾಗು ಇರುವ ಎರಡನೇ ದರ್ಜೆಯ ಮಾಲಿಗೆ ಬೆಲೆ ಕಡಿಮೆ ಇರುವುದು ನ್ಯಾಯವೇ. ಬೇಡಿಕೆ ಕುಸಿದ ತಿಂಗಳಲ್ಲೇ ರೋಲಿಂಗ್ ಮಿಲ್ಲಿಗೂ ಹುಷಾರು ತಪ್ಪಿ ಮಾಲೆಲ್ಲ ಎರಡನೇ ದರ್ಜೆಗೆ ಇಳಿದರೆ ಅದಕ್ಕೆ ಮಾಲೀಕ ಏನು ಮಾಡಿಯಾನು? ತೂಕದ ದಾರಿ ಇದಕ್ಕಿಂತ ನಯವಾದದ್ದು. 12 ಮಿಲಿಮೀಟರ್ ಕಂಬಿ ಮೀಟರಿಗೆ 0.888 ಕಿಲೋ ತೂಗಬೇಕು. ಟನ್ನಿಗೆ ಸುಮಾರು 1126 ಮೀಟರ್. ರೋಲಿಂಗ್‌ನಲ್ಲಿ ತೂಕ ನಾಲ್ಕು ಪರ್ಸೆಂಟ್ ಕಮ್ಮಿಯಾಗುವಷ್ಟು ತೆಳುವಾಗಿ ಎಳೆದು, ಕಾಟಾ ತೂಕದ ಮೇಲೆ ಬಿಲ್ ಮಾಡಿದರೆ ಅದೇ ಟನ್ನಿಗೆ 1173 ಮೀಟರ್ ಬರುತ್ತದೆ. ಅಳತೆಯ ಲೆಕ್ಕದಲ್ಲಿ ಮಾರುವ ದಾಸ್ತಾನುಗಾರನಿಗೆ 47 ಮೀಟರ್ ಪ್ರಸಾದ. ಪಟ್ಟಿಯ ದರ ಒಂದು ಪೈಸೆಯೂ ಅಲುಗಿಲ್ಲ. ಯಾವ ತನಿಖಾಧಿಕಾರಿ ಬೇಕಾದರೂ ಬಂದು ಬಿಲ್ ನೋಡಲಿ. ಕಂಬಿಯನ್ನು ತೂಗಿ ನೋಡದಿದ್ದರೆ ಆಯಿತು.

ಹೊರದೇಶದ ದಾರಿ ಬೇರೆ. ಒಪ್ಪಂದದ ಆಚೆಯ ದೇಶದವನು ಕಡಿಮೆ ಬೆಲೆ ಹೇಳಿದ್ದಾನೆ ಎಂದರೆ ಅದಕ್ಕೂ ಹೊಂದಿಸಿಕೊಳ್ಳಬಹುದಿತ್ತು, ಹೈ ಅಥಾರಿಟಿಗೆ ತಿಳಿಸಿ. ಇಂಥ ನಿಯಮ ಇದ್ದಮೇಲೆ ಗಿರಾಕಿಯ ಜೇಬಿನಲ್ಲಿ ಹೊರದೇಶದ ಕೊಟೇಶನ್ ಒಂದು ಇಲ್ಲದಿದ್ದರೆ ಅವನು ಗಿರಾಕಿಯೇ ಅಲ್ಲ. ಆ ಮಾಲು ಹಡಗು ಹತ್ತಬೇಕೆಂದೇನೂ ಇಲ್ಲ. ಕಾಗದ ಗಡಿ ದಾಟಿದರೆ ಸಾಕು.

1970ರ ದಶಕದಲ್ಲಿ ಉಕ್ಕಿನ ಸಂಕಟ ಬಂದಾಗ ಆಟ ತಿರುಗಿತು. ಅಲ್ಲಿಯವರೆಗೆ ನಿನ್ನ ಪಟ್ಟಿಗಿಂತ ಕಡಿಮೆಗೆ ಮಾರಬೇಡ ಎನ್ನುತ್ತಿದ್ದವರು 1977ರಲ್ಲಿ ಕಾಂಕ್ರೀಟ್ ಕಂಬಿಗೆ, ನಮ್ಮ ಕನಿಷ್ಠ ದರಕ್ಕಿಂತ ಕಡಿಮೆಗೆ ಮಾರಬೇಡ ಎಂದರು. ಉತ್ತರ ಇಟಲಿಯ ಬ್ರೆಶಾ ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳು ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಅಗ್ಗದಲ್ಲಿ ಕಂಬಿ ಎಳೆಯುತ್ತಿದ್ದವು. ಅಗ್ಗದಲ್ಲಿ ಮಾಡಿದ್ದನ್ನು ಅಗ್ಗದಲ್ಲಿ ಮಾರಿದವು. ದಂಡ ಬಿತ್ತು. ಕನಿಷ್ಠ ದರ ಪಾಲಿಸಿದ್ದರೆ ನಾವು ಮುಳುಗುತ್ತಿದ್ದೆವು ಎಂದು ಅವರು ವಾದಿಸಿದರು. 1980ರ ಮಾರ್ಚ್ 18ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ, ಒಪ್ಪಂದದ ಭಾಷೆಯಲ್ಲಿ ‘ಸ್ಪಷ್ಟ ಬಿಕ್ಕಟ್ಟು’ ಎನ್ನುವುದು ಘೋಷಣೆಯಾಗಿ ಉತ್ಪಾದನೆಗೇ ಕೋಟಾ ಬಂತು. 1981ರಲ್ಲಿ ದಾಸ್ತಾನುಗಾರರೂ ದರಪಟ್ಟಿ ಪ್ರಕಟಿಸಬೇಕಾಯಿತು. ಕೊನೆಗೆ ಕೆಲವು ಬಗೆಯ ಉಕ್ಕು ಲಾರಿ ಹತ್ತಬೇಕಾದರೆ ಜೊತೆಯಲ್ಲೊಂದು ಪತ್ರವೂ ಹತ್ತಬೇಕೆಂಬ ನಿಯಮ ಬಂತು. ಕೋಟಾ 1988ರವರೆಗೂ ನಡೆಯಿತು.

ಇಷ್ಟು ವರ್ಷ ಯುರೋಪಿನ ಉಕ್ಕಿನವರಿಗೆ ಕಲಿಸಿದ್ದೇನು? ಎದುರಾಳಿಯ ಪಟ್ಟಿ ಓದು, ಅವನ ಬೆಲೆಗೆ ಹೊಂದಿಸಿಕೋ, ಅದಕ್ಕಿಂತ ಕೆಳಗೆ ಇಳಿಯಬೇಡ, ಎಷ್ಟು ಉತ್ಪಾದಿಸಬೇಕೆಂದು ಮೇಲಿನವರನ್ನು ಕೇಳು. ವಿಧೇಯ ಮಕ್ಕಳು ಚೆನ್ನಾಗಿಯೇ ಕಲಿತರು. ಕೋಟಾ ಹೋದಮೇಲೂ ತೊಲೆ ತಯಾರಕರು ತಮ್ಮ ಸಮಿತಿಯಲ್ಲಿ ಕೂತು ಬೆಲೆ ಮಾತಾಡಿಕೊಂಡರು, ಆರ್ಡರುಗಳ ಅಂಕಿಅಂಶ ಹಂಚಿಕೊಂಡರು. 1994ರ ಫೆಬ್ರವರಿ 16ರಂದು, ಹೈ ಅಥಾರಿಟಿಯ ಜಾಗಕ್ಕೆ ಬಂದಿದ್ದ ಯುರೋಪಿಯನ್ ಕಮಿಷನ್ 14 ಕಂಪನಿಗಳ ಮೇಲೆ ಒಟ್ಟು 10 ಕೋಟಿ ಎಕ್ಯುವಿಗೂ ಹೆಚ್ಚು ದಂಡ ಹಾಕಿತು. ಎಕ್ಯು ಎಂದರೆ ಯೂರೋಗೆ ಮುಂಚಿನ ಲೆಕ್ಕದ ಹಣ. ಅಪರಾಧ: ಒಟ್ಟಿಗೆ ಬೆಲೆ ಕಟ್ಟಿದ್ದು.

ಸ್ವಾಮಿ, ನೀವೇ ಹಾಕಿಕೊಟ್ಟ ಪದ್ಧತಿ ಇದು, 60ನೇ ವಿಧಿ ಓದಿ, ನಿಮ್ಮ ಅಧಿಕಾರಿಗಳಿಗೆ ಎಲ್ಲ ಗೊತ್ತಿತ್ತು ಎಂಬ ಧಾಟಿಯಲ್ಲಿ ಕಂಪನಿಗಳು ಅಪೀಲು ಹೋದವು. 1999ರ ಮಾರ್ಚ್ 11ರ ತೀರ್ಪಿನ ತಾತ್ಪರ್ಯ: ಪಟ್ಟಿ ಪ್ರಕಟಿಸುವುದು ಕಡ್ಡಾಯ, ಆದರೆ ಅದರಲ್ಲಿ ಏನು ಬರೆಯಬೇಕೆಂದು ಪ್ರತಿಯೊಬ್ಬನೂ ಸ್ವತಂತ್ರವಾಗಿ ತೀರ್ಮಾನಿಸಬೇಕು. ಅಂದರೆ ಎಲ್ಲರೂ ಎಲ್ಲರ ಬೆಲೆಯನ್ನೂ ನೋಡಬೇಕು, ಬೇಕಿದ್ದರೆ ಎಲ್ಲರೂ ಒಂದೇ ಬೆಲೆಗೆ ಬರಬಹುದು, ಆದರೆ ಒಬ್ಬರ ಮುಖ ಒಬ್ಬರು ನೋಡದೆ ಬರಬೇಕು. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ, ಅದರಲ್ಲಿ ಕುಹಕವಿಲ್ಲ. ಆದರೆ ನಲವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂರಿಸಿ ಒಬ್ಬರ ಉತ್ತರ ಇನ್ನೊಬ್ಬರಿಗೆ ತೋರಿಸಿದ ಮೇಷ್ಟರು ಕೊನೆಗೆ ನಕಲು ಹೊಡೆದರೆಂದು ಬೆತ್ತ ಎತ್ತಿದರೆ ಹುಡುಗರು ಒಮ್ಮೆ ಮೇಷ್ಟರ ಮುಖವನ್ನೂ ನೋಡುತ್ತಾರೆ.

ಒಪ್ಪಂದದ ಆಯುಸ್ಸು 50 ವರ್ಷ. 2002ರ ಜುಲೈ 23ಕ್ಕೆ ಅದು ತೀರಿಕೊಂಡಿತು, ಜೊತೆಯಲ್ಲಿ 60ನೇ ವಿಧಿ, ದರಪಟ್ಟಿ, ಲೆಕ್ಕದ ಊರು ಎಲ್ಲವೂ. ಭೇದಭಾವದ ನಿಯಮ ಈಗ ಮಾರುಕಟ್ಟೆಯನ್ನು ಆಳುವಷ್ಟು ಬೆಳೆದ ಕಂಪನಿಗೆ ಮಾತ್ರ. ಉಳಿದವರು ಫೋನಿನಲ್ಲಿ ಗಿರಾಕಿಗೆ, ನಿಮಗೆ ಅಂತ ಇಷ್ಟು, ಯಾರಿಗೂ ಹೇಳಬೇಡಿ ಎಂದರೆ ಯಾರೂ ಕೇಳುವುದಿಲ್ಲ. ತೊಲೆ ಕಂಪನಿಗಳ ಕೊನೆಯ ಅಪೀಲುಗಳು ಮಾತ್ರ 2003ರ ಅಕ್ಟೋಬರ್ 2ರಂದು ಇತ್ಯರ್ಥವಾದವು. ಒಪ್ಪಂದ ಸತ್ತು ಅದಾಗಲೇ ಹದಿನಾಲ್ಕು ತಿಂಗಳು ದಾಟಿತ್ತು.