ಮಂಜಿನ ಬಲೆಗೂ ಒಬ್ಬ ನೀರುಗಂಟಿ ಬೇಕು

ಆಗುಂಬೆಗೆ ಜಡಿಮಳೆ ತರುವ ನೈಋತ್ಯ ಮುಂಗಾರು ಒಮಾನಿನ ಧೋಫಾರ್ ಬೆಟ್ಟಗಳಿಗೆ ಬಹುಪಾಲು ಮಂಜನ್ನೇ ತರುತ್ತದೆ. ನಾವಿರುವ ಸಲಾಲಾದಲ್ಲಿ ಈ ಮಂಜಿನ ಕಾಲಕ್ಕೆ ಖರೀಫ್ ಎನ್ನುತ್ತಾರೆ. ಕೆಳಗೆ ತಣ್ಣನೆಯ ಕಡಲು, ಮೇಲೆ ಮರುಭೂಮಿಯ ಬಿಸಿಗಾಳಿ; ನಡುವೆ ಸಿಕ್ಕಿದ ಮೋಡ ಮೇಲೇರಲಾಗದೆ ಬೆಟ್ಟಕ್ಕೆ ಒರಗುತ್ತದೆ. ಎಲೆಗೆ ತಾಗಿದ್ದು ಹನಿಗೂಡಿ ಮರದ ಬುಡಕ್ಕೆ ಬೀಳುತ್ತದೆ. ಮಂಜಿನಿಂದ ನೀರು ಹಿಡಿಯಲು ಕಟ್ಟುವ ಬಲೆಯ ಕೆಲಸವೂ ಇಷ್ಟೇ.

ಬಲೆಗೆ ನಾವು ಸಸಿಮಡಿಗೆ ಕಟ್ಟುವಂಥ ಶೇಡ್‌ನೆಟ್ ಸಾಕು: ಶೇ. 35 ನೆರಳಿನದು, ಎರಡು ಪದರ. ಪದರಗಳು ಒಂದಕ್ಕೊಂದು ಉಜ್ಜಿದಾಗ ಹನಿ ಕೆಳಗೆ ಜಾರುತ್ತದೆ. ತೀರಾ ಒತ್ತಾದ ನೇಯ್ಗೆಯಾದರೆ ಗಾಳಿ ಪಕ್ಕದಿಂದ ಬಳಸಿಕೊಂಡು ಹೋಗುತ್ತದೆ, ಮಂಜೂ ಅದರ ಹಿಂದೆಯೇ. 12 ಮೀಟರ್ ಉದ್ದ, 4 ಮೀಟರ್ ಎತ್ತರದ ಬಲೆಯನ್ನು ನೆಲದಿಂದ 2 ಮೀಟರ್ ಮೇಲೆ, ಗಾಳಿಗೆ ಎದುರಾಗಿ ಬಿಗಿಯಬೇಕು. ಹೆಚ್ಚಿನವರು ಎಡವುವುದು ಬಲೆಯಿಂದ ಇಳಿಯುವ ಹನಿ ಹಿಡಿಯುವ ದೋಣಿಯಲ್ಲಿ. ಗಾಳಿಗೆ ಬಲೆ ಹಿಂದಕ್ಕೆ ಉಬ್ಬುತ್ತದೆ. ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಬಲೆಯ ನೇರ ಕೆಳಗೇ ಕಟ್ಟಿದ್ದರೆ ಹನಿಯೆಲ್ಲ ಅದರ ಹಿಂದೆ ಮಣ್ಣುಪಾಲು. ದೋಣಿ ಅಗಲವಾಗಿರಲಿ, ಗಾಳಿ ಹೋಗುವ ಕಡೆಗೆ ಸರಿದಿರಲಿ. ತಂತಿಗೆ ಉಜ್ಜುವ ಅಂಚಿನಲ್ಲೇ ಬಲೆ ಮೊದಲು ಹರಿಯುವುದು.

ಚಿಲಿಯ ಚುಂಗುಂಗೋ ಎಂಬ ಮೀನುಗಾರರ ಹಳ್ಳಿಗೆ 1992ರಿಂದ ಇಂಥ ಬಲೆಗಳ ನೀರು ಪೈಪಿನಲ್ಲಿ ಇಳಿಯಿತು. ಚದರ ಮೀಟರಿಗೆ ದಿನಕ್ಕೆ ಸರಾಸರಿ 3 ಲೀಟರ್, ಎಲ್ಲ ಸೇರಿ ಸುಮಾರು 15,000 ಲೀಟರ್. ಆಮೇಲೆ ಹರಿದ ಬಲೆ ಹೊಲಿಯುವವರಿಲ್ಲದೆ ಊರು ಮತ್ತೆ ಟ್ಯಾಂಕರಿಗೆ ಮರಳಿತು. ಸೋತದ್ದು ಬಲೆಯಲ್ಲ. ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಇದ್ದ: ತೂಬು ಎತ್ತುವವನು ಅವನು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವವನು ಅವನು, ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಊರೇ ಅಳೆದುಕೊಡುತ್ತಿತ್ತು. ಬಲೆಗೂ ಅಂಥವನೊಬ್ಬ ಬೇಕು, ಅವನ ಕೂಲಿ ಮೊದಲ ದಿನವೇ ಗೊತ್ತಾಗಿರಬೇಕು.

ಹಾಗೆಂದು ಬಲೆಯನ್ನು ಕೋಲಾರಕ್ಕೆ ಒಯ್ಯುವ ಮಾತು ಬೇಡ. ಅಲ್ಲಿ ಮಂಜು ಚಳಿಗಾಲದ ಬೆಳಗಿನ ಕೆಲವು ತಾಸು ಮಾತ್ರ, ಅದನ್ನು ಬಲೆಗೆ ನೂಕುವ ಗಾಳಿಯೂ ಇಲ್ಲ. ಕೆರೆಯ ಹೂಳೆತ್ತುವುದೇ ಸರಿ. ಮಲೆನಾಡಿನಲ್ಲಿ ಮಂಜಿದ್ದಾಗ ಮಳೆಯೂ ಇರುತ್ತದೆ, ಸೂರಿನ ನೀರೇ ಧಾರಾಳ. ಧೋಫಾರದಲ್ಲಿ ಬಲೆಗೆ ಅರ್ಥವಿದೆ, ಆದರೆ ಖರೀಫ್ ಮೂರು ತಿಂಗಳಿಗೆ ಮುಗಿಯುತ್ತದೆ. ಚದರ ಮೀಟರಿಗೆ ದಿನಕ್ಕೆ 30 ಲೀಟರ್ ಸಿಕ್ಕರೆ ಮೇಲೆ ಹೇಳಿದ 48 ಚದರ ಮೀಟರಿನ ಒಂದು ಬಲೆಗೆ 1,440 ಲೀಟರ್, ತಿಂಗಳಿಗೆ 43,200. ಇಷ್ಟಕ್ಕೆ ಮುಚ್ಚಿದ ತೊಟ್ಟಿ ಕಟ್ಟಿಸುವ ಹಣ ಬಲೆಯ ಹಣಕ್ಕಿಂತ ಬಹಳ ಹೆಚ್ಚು. ಅದಕ್ಕೇ ಇಲ್ಲಿ ಈ ನೀರು ಬೆಟ್ಟದಲ್ಲಿ ನೆಟ್ಟ ಸಸಿಗಳಿಗೆ ಹೋಗಲಿ ಎನ್ನುತ್ತೇನೆ. ಬೇರು ಇಳಿದ ಮರ ಮುಂದಿನ ಖರೀಫಿನಲ್ಲಿ ತಾನೇ ಮಂಜು ಹಿಡಿಯುತ್ತದೆ.